ಕೊಂಡು ನೋಡುವ ಮನೆ

ಮುಂಗಡ ಹಣಕ್ಕೆ ನಮ್ಮ ಭಾಷೆಯಲ್ಲಿ ‘ಸಂಚಕಾರ’ ಎಂಬ ಹಳೆಯ ಮಾತೊಂದುಂಟು. ಎತ್ತನ್ನೋ ಹೊಲವನ್ನೋ ಮನೆಯನ್ನೋ ಕೊಳ್ಳುವವನು, ಪೂರ್ತಿ ಹಣವನ್ನು ಎಣಿಸುವ ಮೊದಲು, ವ್ಯಾಪಾರ ಕುದುರಿತೆಂಬುದರ ಗುರುತಾಗಿ ಮಾರುವವನ ಕೈಯಲ್ಲಿಡುವ ಅಲ್ಪ ಮೊತ್ತವೇ ಸಂಚಕಾರ. ಅದು ಸಂಸ್ಕೃತದ ‘ಸತ್ಯಂಕಾರ’ದಿಂದ ಇಳಿದು ಬಂದದ್ದು, ಆಡಿದ ಮಾತನ್ನು ಸತ್ಯವಾಗಿಸುವುದೆಂದು ಅದರ ಅರ್ಥ. ಇಂಥ ಒಳ್ಳೆಯ ಮನೆತನದಲ್ಲಿ ಹುಟ್ಟಿದ ಪದ ಈಗ ನಮ್ಮ ಬಾಯಲ್ಲಿ ಉಳಿದಿರುವುದು ‘ಪ್ರಾಣಕ್ಕೆ ಸಂಚಕಾರ ಬಂತು’, ‘ಮಾನಕ್ಕೆ ಸಂಚಕಾರ ತಂದ’ ಎಂಬಂಥ ಮಾತುಗಳಲ್ಲಿ ಮಾತ್ರ. ಮುಂಗಡ ಪಡೆದ ವಸ್ತು ನಮ್ಮದಾಗಿ ಉಳಿಯದಂತೆ, ಸಂಚಕಾರ ಬಿದ್ದ ಪ್ರಾಣವೂ ನಮ್ಮದಲ್ಲ ಎಂಬ ಭಾವನೆಯಿಂದ ಅಪಾಯವೆಂಬ ಅರ್ಥ ಬಂದಿರಬೇಕೆಂದು ನಾನು ತರಗತಿಯಲ್ಲಿ ಹೇಳುವುದುಂಟು. ಹುಡುಗರಿಗೆ ಎರಡನೆಯ ಅರ್ಥ ಗೊತ್ತು. ಮೊದಲನೆಯದನ್ನು ಕೇಳಿ ಆಶ್ಚರ್ಯಪಡುತ್ತಾರೆ.

ಈ ಎರಡು ಅರ್ಥಗಳೂ ಒಂದೇ ವ್ಯವಹಾರದಲ್ಲಿ ಕೂಡಿಕೊಂಡಿರುವುದನ್ನು ನಾನು ಕಂಡದ್ದು ನಮ್ಮ ಸಂತೆಯಲ್ಲಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್ ನಗರದ ಹೊರವಲಯದಲ್ಲಿ. 2022ರ ಬೇಸಗೆಯಲ್ಲಿ ಅಲ್ಲಿ ನನ್ನ ತಂಗಿಯ ಮನೆಯಲ್ಲಿ ಕೆಲವು ವಾರಗಳಿದ್ದೆ. ‘ತಂಗಿಯ ಮನೆ’ ಎಂದೆನಲ್ಲ, ನಾನು ಹೋದಾಗ ಅದು ಬಾಡಿಗೆಯ ಮನೆ. ಹಿಂತಿರುಗುವ ಹೊತ್ತಿಗೆ ಸ್ವಂತದ್ದಾಗಿತ್ತು. ನಡುವೆ ಏನು ನಡೆಯಿತೆಂಬುದೇ ಈ ಬರಹಕ್ಕೆ ಕಾರಣ.

ಅಲ್ಲಿಯ ಪದ್ಧತಿಯನ್ನು ಮೊದಲು ತಿಳಿಸಬೇಕು. ಮನೆ ಕೊಳ್ಳಬಯಸುವವನು ಇಷ್ಟು ಬೆಲೆ ಕೊಡುತ್ತೇನೆಂದು ಬರವಣಿಗೆಯಲ್ಲಿ ತಿಳಿಸುತ್ತಾನೆ. ಜೊತೆಗೆ ಒಂದಿಷ್ಟು ಮುಂಗಡವನ್ನಿಡುತ್ತಾನೆ. ಆ ಪತ್ರದಲ್ಲಿ ಕೆಲವು ಷರತ್ತುಗಳಿರುತ್ತವೆ. ಬ್ಯಾಂಕಿನ ಸಾಲ ದೊರೆಯದೆ ಹೋದರೆ ವ್ಯಾಪಾರ ರದ್ದು, ಮುಂಗಡ ವಾಪಸು ಎಂಬುದು ಒಂದು. ಮತ್ತೊಂದು, ಗೃಹಪರೀಕ್ಷೆಯ ಷರತ್ತು. ಮಾರುವವನು ಒಪ್ಪಿದ ಮೇಲೆ, ಸಾಮಾನ್ಯವಾಗಿ ಏಳೆಂಟು ಹತ್ತು ದಿನಗಳೊಳಗೆ, ಕೊಳ್ಳುವವನು ತನ್ನ ಖರ್ಚಿನಲ್ಲಿ ಪರೀಕ್ಷಕನೊಬ್ಬನನ್ನು ಕರೆತಂದು ಮನೆಯನ್ನು ತೋರಿಸಬಹುದು. ದೊಡ್ಡ ದೋಷ ಕಂಡರೆ ಬೆಲೆಯನ್ನು ಇಳಿಸೆಂದು ಕೇಳಬಹುದು, ದುರಸ್ತಿ ಮಾಡಿಸಿಕೊಡೆಂದು ಕೇಳಬಹುದು. ಎರಡಕ್ಕೂ ಒಪ್ಪದಿದ್ದರೆ ಮುಂಗಡವನ್ನು ಹಿಂದಕ್ಕೆ ಪಡೆದು ನಮಸ್ಕಾರ ಹೇಳಬಹುದು. ಪರೀಕ್ಷಕ ದಾರಿಯಲ್ಲಿ ಸಿಕ್ಕವನಲ್ಲ. ಆ ರಾಜ್ಯದಲ್ಲಿ ಅವನು ಸರಕಾರದ ಪರವಾನಗಿ ಪಡೆದಿರಬೇಕು. ಏಣಿ, ಕೈದೀಪ, ಗೋಡೆಯ ತೇವವನ್ನಳೆಯುವ ಸಲಕರಣೆ ಹಿಡಿದು ಎರಡು ಮೂರು ಗಂಟೆ ಮನೆಯನ್ನೆಲ್ಲ ಜಾಲಾಡುತ್ತಾನೆ. ಚಾವಣಿ, ಹೊಗೆಗೂಡು, ನೆಲಮಾಳಿಗೆಯ ಗೋಡೆಯ ಬಿರುಕು, ವಿದ್ಯುತ್ ತಂತಿ, ಚಳಿಗಾಲಕ್ಕೆ ಮನೆಯನ್ನು ಕಾಯಿಸುವ ಬಾಯ್ಲರು, ಕೊಳವೆಗಳು, ಗೆದ್ದಲು ಹತ್ತಿದೆಯೆಂದು ತೋರಿದ ಮರ, ಎಲ್ಲವನ್ನೂ ನೋಡಿ ವರದಿ ಬರೆದುಕೊಡುತ್ತಾನೆ. ಇದಕ್ಕೆ ತಗಲುವ ವೆಚ್ಚ ಕೆಲವು ನೂರು ಡಾಲರು. ಮನೆಯ ಬೆಲೆಯಾದರೋ ಆ ಸುತ್ತಿನಲ್ಲಿ ಏಳೆಂಟು ಲಕ್ಷ ಡಾಲರಿಗೆ ಕಡಮೆಯಿಲ್ಲ.

ಬ್ಯಾಂಕೂ ತನ್ನ ಕಡೆಯಿಂದ ಒಬ್ಬನನ್ನು ಕಳಿಸುತ್ತದೆ, ನಿಜ. ಅವನು ಬರುವುದು ಕೊಟ್ಟ ಸಾಲಕ್ಕೆ ಆ ಸ್ವತ್ತು ಸಾಲುತ್ತದೆಯೆ ಎಂದು ಬೆಲೆ ಕಟ್ಟುವುದಕ್ಕೆ. ಮಾಡು ಸೋರಿದರೆ ಬಕೆಟ್ಟು ಇಡಬೇಕಾದವರು ನಾವು, ಬ್ಯಾಂಕಲ್ಲ.

ಇಷ್ಟು ಚೆನ್ನಾದ ಏರ್ಪಾಡಿರುವಾಗ, ಕೊಳ್ಳುವವನು ತನ್ನ ಕೈಯಾರೆ ‘ಈ ಷರತ್ತು ನನಗೆ ಬೇಡ, ಮನೆ ಹೇಗಿದ್ದರೂ ನನ್ನದು’ ಎಂದು ಬರೆದುಕೊಡುತ್ತಾನೆಂದರೆ ನಂಬುವುದು ಕಷ್ಟ. ಆದರೆ ಹಾಗೆ ಬರೆದುಕೊಡುವುದು ಅಲ್ಲಿ ಈ ಕೆಲವು ವರ್ಷಗಳಲ್ಲಿ ವಾಡಿಕೆಯಾಗಿಬಿಟ್ಟಿತು. ಮೂವತ್ತು ವರ್ಷದ ಗೃಹಸಾಲದ ಸರಾಸರಿ ಬಡ್ಡಿ 2021ರ ಜನವರಿಯಲ್ಲಿ ನೂರಕ್ಕೆ 2.65ಕ್ಕೆ ಇಳಿಯಿತು, ಅಷ್ಟು ಕೆಳಕ್ಕೆ ಅದು ಹಿಂದೆಂದೂ ಹೋಗಿರಲಿಲ್ಲ. ಕೊಳ್ಳುವವರು ಹೆಚ್ಚಿದರು, ಮಾರುವ ಮನೆಗಳು ಹೆಚ್ಚಲಿಲ್ಲ. 2022ರ ಆರಂಭದಲ್ಲಿ ಮೂರರ ಆಸುಪಾಸಿನಲ್ಲಿದ್ದ ಬಡ್ಡಿ ಏರತೊಡಗಿ ಅಕ್ಟೋಬರಿನಲ್ಲಿ ಏಳನ್ನು ದಾಟಿತು. ಏರುವ ಬಡ್ಡಿ ಬೆನ್ನಟ್ಟಿ ಬರುವಾಗ ಮುಂದೆ ಓಡುವವರ ನೂಕುನುಗ್ಗಲು ಇನ್ನೂ ಹೆಚ್ಚಾಯಿತು. ಒಂದು ಮನೆಗೆ ಹತ್ತು ಹದಿನೈದು ಜನ. ಶನಿವಾರ ಭಾನುವಾರ ಬಾಗಿಲು ತೆರೆದಿಟ್ಟು ತೋರಿಸುವುದು, ಸೋಮವಾರ ಸಂಜೆಯೊಳಗೆ ಬೆಲೆ ಬರೆದು ಕೊಡುವುದು. ಎಲ್ಲರೂ ಸರಿಸುಮಾರು ಒಂದೇ ಬೆಲೆ ಬರೆದಾಗ ಮಾರುವವನು ಯಾರನ್ನು ಆರಿಸುತ್ತಾನೆ? ಹಿಂದಕ್ಕೆ ಸರಿಯುವ ದಾರಿಯನ್ನು ತಾನೇ ಮುಚ್ಚಿಕೊಂಡು ಬಂದವನನ್ನು.

ನನ್ನ ತಂಗಿ ಮತ್ತು ಅವಳ ಗಂಡ ಆ ವಸಂತದಲ್ಲಿ ನಾಲ್ಕು ಮನೆಗಳಿಗೆ ಬರೆದುಕೊಟ್ಟು ನಾಲ್ಕನ್ನೂ ಕಳೆದುಕೊಂಡಿದ್ದರು. ಅದರಲ್ಲಿ ಎರಡಕ್ಕೆ ಅವರ ಬೆಲೆಯೇ ಹೆಚ್ಚಿನದಾಗಿತ್ತೆಂದು ಆಮೇಲೆ ತಿಳಿಯಿತು. ಐದನೆಯ ಮನೆಯ ಹೊತ್ತಿಗೆ ನಾನು ಅಲ್ಲಿದ್ದೆ. 1920ರ ಸುಮಾರಿನಲ್ಲಿ ಕಟ್ಟಿದ ಮರದ ಮನೆ; ಹಿಂದೆ ಎರಡು ಮೇಪಲ್ ಮರ. ಅವರ ದಲ್ಲಾಳಿ, ಒಳ್ಳೆಯ ಹೆಂಗಸು, ಒತ್ತಾಯ ಮಾಡಲಿಲ್ಲ. “ಪರೀಕ್ಷೆಯ ಷರತ್ತು ಇಟ್ಟುಕೊಂಡರೆ ನಿಮ್ಮ ಕಾಗದವನ್ನು ಅವರು ಓದುವುದೂ ಸಂದೇಹ” ಎಂದಷ್ಟೆ ಹೇಳಿದಳಂತೆ. ಅಂದು ರಾತ್ರಿ ಊಟದ ಮೇಜಿನ ಸುತ್ತ ಕುಳಿತು ಬಹಳ ಹೊತ್ತು ಮಾತಾಡಿದೆವು.

“ಭಾವ, ನೀವಾದರೆ ಏನು ಮಾಡುತ್ತಿದ್ದಿರಿ?” ಎಂದು ಅವನು ಕೇಳಿದ.

“ನಾನಾದರೆ ನೋಡದೆ ಕೊಳ್ಳುತ್ತಿರಲಿಲ್ಲ,” ಎಂದೆ.

ತಂಗಿ ನಕ್ಕಳು. “ಅಣ್ಣ, ನೋಡಿ ಕೊಳ್ಳುವವರಿಗೆ ಇಲ್ಲಿ ಮನೆಯೇ ಸಿಗುವುದಿಲ್ಲ. ಹತ್ತು ವರ್ಷ ದುಡಿದ ಹಣ ಬ್ಯಾಂಕಿನಲ್ಲಿದೆ. ಬರುವ ಸೆಪ್ಟೆಂಬರಿಗೆ ಮಗು ಶಾಲೆಗೆ ಸೇರಬೇಕು. ನಾನು ಇನ್ನೆಷ್ಟು ಸಲ ಸೋಲಲಿ?”

ಆ ಮಾತಿಗೆ ಉತ್ತರ ಕೊಡಬಲ್ಲ ವಿದ್ಯೆ ನನ್ನಲ್ಲಿರಲಿಲ್ಲ. ಅವರು ಷರತ್ತನ್ನು ಬಿಟ್ಟುಕೊಟ್ಟರು. ಮನೆ ಸಿಕ್ಕಿತು.

ಮಣ್ಣಿನ ಮಡಕೆಯನ್ನು ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳದವರು ನಮ್ಮಲ್ಲಿಲ್ಲ. ದನಗಳ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲೆಣಿಸುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ, ಸುಳಿ ನೋಡುತ್ತಾರೆ. ಆಮೇಲೆ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆಯ ಮಾತು. ‘ಹಲ್ಲು ನೋಡುವುದಿಲ್ಲ’ ಎಂದವನಿಗೇ ಎತ್ತು ಎಂಬ ನಿಯಮವನ್ನು ಯಾವ ಜಾತ್ರೆಯಲ್ಲಾದರೂ ಮಾಡಿದರೆ ಏನಾದೀತು? ಮುದಿ ಎತ್ತಿನ ಯಜಮಾನರೆಲ್ಲ ಆ ಜಾತ್ರೆಗೇ ಬಂದಾರು. ಕನ್ನಡದಲ್ಲಿ ‘ನೋಡು’ ಎಂಬ ಕ್ರಿಯಾಪದಕ್ಕೆ ಒಂದು ಸೊಗಸುಂಟು: ಮಾಡಿ ನೋಡು, ಕೇಳಿ ನೋಡು, ತಿಂದು ನೋಡು ಎಂದು ಅದು ಪ್ರಯತ್ನಕ್ಕೂ ಅನುಭವಕ್ಕೂ ನಿಲ್ಲುತ್ತದೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯ ‘ನೋಡು’ ಅಂಥದು. ಬಾಸ್ಟನ್ನಿನ ಪೇಟೆ ಅದಕ್ಕೆ ‘ಕೊಂಡು ನೋಡು’ ಎಂಬುದನ್ನು ಅಕ್ಷರಶಃ ಸೇರಿಸಿತು.

ಏಕೆಂದರೆ ಅವರು ಮಾಡಿದ್ದು ಅದನ್ನೇ. ಮನೆ ತಮ್ಮದಾದ ಎರಡನೆಯ ವಾರದಲ್ಲಿ ಪರೀಕ್ಷಕನನ್ನು ಕರೆಸಿದರು. ಇದು ಅಲ್ಲಿ ಅಪರೂಪವಲ್ಲ. ಏನನ್ನು ಕೊಂಡಿದ್ದೇವೆಂದು ತಿಳಿಯುವ ಸಲುವಾಗಿ ಎಷ್ಟೋ ಜನ ಹೀಗೆ ಕರೆಸುತ್ತಾರೆ. ಫಲಿತಾಂಶವನ್ನು ಪ್ರಕಟಿಸಿದ ಮೇಲೆ ಉತ್ತರಪತ್ರಿಕೆಗಳನ್ನು ತಿದ್ದಲು ಕೂರುವುದಕ್ಕೂ ಇದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಪರೀಕ್ಷಕ ಅರವತ್ತರ ಹತ್ತಿರದವನು, ಮಾತು ಕಡಮೆ. ತಂಗಿ ಅವನ ಹಿಂದೆಯೇ ನೆಲಮಾಳಿಗೆಯಿಂದ ಅಟ್ಟದವರೆಗೆ ಹೋದಳು. ಅವನು ಗೋಡೆಯ ಮುಂದೆ ನಿಂತು ಕೈದೀಪವನ್ನು ಒಂದೇ ಕಡೆ ಹಿಡಿದಾಗಲೆಲ್ಲ ಅವಳ ಮುಖ ಬಿಳುಪೇರುತ್ತಿತ್ತು. ಗಂಡ ಒಳಗೆ ನಿಲ್ಲಲಾರದೆ ಹಿತ್ತಲಿಗೆ ಹೋಗಿ, ಕತ್ತರಿಸುವ ಅಗತ್ಯವೇ ಇಲ್ಲದ ಹುಲ್ಲನ್ನು ಕತ್ತರಿಸುತ್ತಿದ್ದ. ಮೂರು ಗಂಟೆಗಳಾದ ಮೇಲೆ ತಿಳಿದದ್ದು ಇಷ್ಟು: ಅಟ್ಟದ ಒಂದು ಭಾಗದಲ್ಲಿ ಪಿಂಗಾಣಿ ಗುಬ್ಬಿಗಳ ಮೇಲೆ ಹಾಯಿಸಿದ ಹಳೆಯ ಕಾಲದ ವಿದ್ಯುತ್ ತಂತಿಯಿದೆ, ಬದಲಾಯಿಸಬೇಕು, ಹೊಗೆಗೂಡಿನ ಇಟ್ಟಿಗೆಗಳ ನಡುವಣ ಗಾರೆ ಉದುರಿದೆ, ಉಳಿದಂತೆ ಮನೆ ಗಟ್ಟಿ.

ಮನೆ ಗಟ್ಟಿಯಾಗಿತ್ತೆಂಬುದನ್ನು ನಾನು ಬೇಕೆಂದೇ ಹೇಳುತ್ತಿದ್ದೇನೆ. ನೋಡದೆ ಕೊಂಡು ಕೆಟ್ಟವರ ಕಥೆಗಳನ್ನು ಹೇಳಿ ವಾಚಕರನ್ನು ಹೆದರಿಸುವುದು ಸುಲಭ. ಬಹುಪಾಲು ಮನೆಗಳು ತಕ್ಕಮಟ್ಟಿಗೆ ಗಟ್ಟಿಯಾಗಿಯೇ ಇರುತ್ತವೆ. ತಂಗಿ “ನೋಡಿದೆಯಾ ಅಣ್ಣ, ಏನೂ ಆಗಲಿಲ್ಲ” ಎಂದಳು. ಏನೂ ಆಗಲಿಲ್ಲವೆಂಬುದು ಸರಿ. ಆದರೆ ಆ ಮೂರು ಗಂಟೆಗಳ ಕಾಲ ಅವಳ ಮುಖವನ್ನು ನೋಡುತ್ತಿದ್ದ ನಾನು, ಹತ್ತು ವರ್ಷದ ದುಡಿಮೆಯನ್ನು ಹೀಗೆ ಪಣಕ್ಕಿಡುವಂತೆ ಒಂದು ಗೃಹಸ್ಥ ಕುಟುಂಬವನ್ನು ದೂಡುವ ಪೇಟೆ ನೆಟ್ಟಗಿಲ್ಲವೆಂದುಕೊಂಡೆ; ಈಗಲೂ ಹಾಗೆಯೇ ಎಣಿಸುತ್ತೇನೆ. ಪಗಡೆಯಲ್ಲಿ ಗೆದ್ದವನು ಪಗಡೆಯಾಡಿದ್ದೇ ಸರಿಯೆಂದು ವಾದಿಸಿದರೆ ನಾವು ಒಪ್ಪುತ್ತೇವೆಯೆ?

ಇದಕ್ಕೆ ಬರುವ ಮೊದಲ ಆಕ್ಷೇಪಣೆ ಗೊತ್ತಿದ್ದದ್ದೇ: ‘ಯಾರೂ ಕೈ ತಿರುಚಲಿಲ್ಲ, ಬುದ್ಧಿ ಬಲಿತವರು, ತಿಳಿದೇ ಬಿಟ್ಟುಕೊಟ್ಟರು.’ ಬಿಟ್ಟುಕೊಡುವುದೆಂಬ ಮಾತನ್ನು ಇಲ್ಲಿ ಸ್ವಲ್ಪ ತಡೆದು ನೋಡಬೇಕು. ನನ್ನ ಪಾಲಿನ ಹೋಳಿಗೆಯನ್ನು ತಮ್ಮನಿಗೆ ಬಿಟ್ಟುಕೊಟ್ಟರೆ ಅದು ನನ್ನ ಇಚ್ಛೆ. ಹತ್ತು ಜನ ಸಾಲಿನಲ್ಲಿ ನಿಂತಿರುವಾಗ, ಒಬ್ಬ ಬಿಟ್ಟುಕೊಟ್ಟನೆಂದು ಎರಡನೆಯವನು, ಎರಡನೆಯವನು ಬಿಟ್ಟಾನೆಂದು ಮೂರನೆಯವನು ಬಿಡುವುದಾದರೆ, ಅದಕ್ಕೆ ಇಚ್ಛೆಯೆಂಬ ಹೆಸರು ಹೊಂದುವುದಿಲ್ಲ. ಎಲ್ಲರೂ ಷರತ್ತನ್ನು ಉಳಿಸಿಕೊಂಡಿದ್ದರೂ ಆ ಮನೆ ಹತ್ತರಲ್ಲಿ ಒಬ್ಬರಿಗೇ ಹೋಗುತ್ತಿತ್ತು. ಎಲ್ಲರೂ ಬಿಟ್ಟಾಗಲೂ ಒಬ್ಬರಿಗೇ ಹೋಯಿತು. ಕೊಳ್ಳುವವರ ಪಕ್ಷಕ್ಕೆ ಬಂದ ಲಾಭ ಎಳ್ಳಷ್ಟೂ ಇಲ್ಲ. ಅದಕ್ಕಿಂತ ಕೆಟ್ಟದ್ದು, ಇದರಲ್ಲಿ ಗೆಲ್ಲುವವನು ಯಾರೆಂಬುದು. ಮನೆ ಕೊಂಡ ಮರುದಿನ ಐವತ್ತು ಸಾವಿರ ಡಾಲರಿನ ದುರಸ್ತಿ ಬಂದರೂ ಲೆಕ್ಕಿಸದ ಧನಿಕನಿಗೆ ಷರತ್ತನ್ನು ಬಿಡುವುದು ಸಣ್ಣ ಮಾತು. ಇದ್ದಬದ್ದ ಹಣವನ್ನೆಲ್ಲ ಸುರಿದು ಮೊದಲ ಮನೆ ಕೊಳ್ಳುವವನಿಗೆ ಅದು ಪ್ರಾಣದ ಮಾತು. ಆದರೆ ಪೇಟೆ ಇಬ್ಬರಿಂದಲೂ ಒಂದೇ ಸುಂಕವನ್ನು ಕೇಳುತ್ತದೆ.

ಬೆಲೆ ಬರೆಯುವ ಮೊದಲೇ ಪರೀಕ್ಷಕನನ್ನು ಕರೆದುಕೊಂಡು ಹೋಗಬಹುದಲ್ಲ ಎನ್ನುವವರುಂಟು. ಕೆಲವರು ಹಾಗೆ ಮಾಡಿದ್ದೂ ಉಂಟು. ನಾಲ್ಕು ಮನೆ ಕೈತಪ್ಪಿದರೆ ನಾಲ್ಕು ಸಲ ಶುಲ್ಕ ತೆತ್ತು, ಇತರರ ಮನೆಯ ಆರೋಗ್ಯವನ್ನು ತಿಳಿದುಕೊಂಡಂತಾಯಿತು.

ಇನ್ನು ಕಾಯಿದೆಯ ಇತಿಹಾಸ. ಕೊಳ್ಳುವವನೇ ಎಚ್ಚರವಾಗಿರಲಿ ಎಂಬುದು ಇಂಗ್ಲಿಷರ ಹಳೆಯ ನ್ಯಾಯ. 1603ರಲ್ಲಿ ಒಬ್ಬ ಅಕ್ಕಸಾಲಿ ‘ಬೆಜೋರ್’ ಕಲ್ಲೆಂದು ಹೇಳಿ ಒಂದು ಕಲ್ಲನ್ನು ನೂರು ಪೌಂಡಿಗೆ ಮಾರಿದ. ಆಡಿನ ಹೊಟ್ಟೆಯಲ್ಲಿ ಬೆಳೆಯುವ ಆ ಕಲ್ಲು ವಿಷಹಾರಿಯೆಂದು ಆಗಿನ ನಂಬಿಕೆ. ಕಲ್ಲು ಬೆಜೋರ್ ಅಲ್ಲವೆಂದು ಕೊಂಡವನು ದಾವಾ ಹೂಡಿ ಸೋತ. ಮಾರುವವನು ಬೆಜೋರ್ ಎಂದು ಹೇಳಿದ್ದನೇ ಹೊರತು ಅದಕ್ಕೆ ಜವಾಬು ಹೊತ್ತಿರಲಿಲ್ಲ ಎಂಬುದು ತೀರ್ಪಿನ ಸಾರ! ಮಾತಿಗೂ ಜವಾಬ್ದಾರಿಗೂ ನಡುವೆ ಇಷ್ಟು ದೂರವಿರಬಹುದೆಂದು ತಿಳಿದು, ಮಾತಿನಿಂದಲೇ ಹೊಟ್ಟೆ ಹೊರೆಯುವ ನನ್ನಂಥವನಿಗೆ ಕೊಂಚ ಗಾಬರಿಯೇ ಆಯಿತು.

ಆ ನ್ಯಾಯ ಸಮುದ್ರ ದಾಟಿ ಮ್ಯಾಸಚೂಸೆಟ್ಸಿಗೂ ಹೋಯಿತು. 1938ರಲ್ಲಿ ಬಾಸ್ಟನ್ನಿನ ಪಕ್ಕದ ನ್ಯೂಟನ್ ಎಂಬ ಊರಿನಲ್ಲಿ ಒಂದು ಉಳಿತಾಯ ಬ್ಯಾಂಕು ಮನೆಯೊಂದನ್ನು ಮಾರಿತು. ಮನೆಗೆ ಗೆದ್ದಲು ಹತ್ತಿತ್ತು. ಬ್ಯಾಂಕಿಗೆ ಅದು ತಿಳಿದಿತ್ತೆಂದೂ ಹೇಳದೆ ಮುಚ್ಚಿಟ್ಟಿತೆಂದೂ ಕೊಂಡವನ ದೂರು. ಅವನಿಗೆ ಗೊತ್ತಾದದ್ದು ಎರಡು ವರ್ಷದ ಮೇಲೆ, 1940ರಲ್ಲಿ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತೆಂಬುದು ನಮ್ಮ ಗಾದೆ. ಇಲ್ಲಿ ಮನುಷ್ಯ ಕಟ್ಟಿದ ಮನೆ ಗೆದ್ದಲಿಗಾಯಿತು. 1942ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ದೂರಿನಲ್ಲಿರುವುದೆಲ್ಲ ನಿಜವೆಂದೇ ಇಟ್ಟುಕೊಂಡರೂ ಬ್ಯಾಂಕು ಹೊಣೆಯಲ್ಲವೆಂದು ಹೇಳಿತು. ಬ್ಯಾಂಕು ಸುಳ್ಳು ಹೇಳಿಲ್ಲ, ಕೊಳ್ಳುವವನು ನೋಡುವುದನ್ನು ತಡೆದಿಲ್ಲ, ಸುಮ್ಮನಿದ್ದಿತು, ಅಷ್ಟೆ. ಕಾಣದ ದೋಷವನ್ನು ಹೇಳದ ಮಾರಾಟಗಾರನನ್ನು ಶಿಕ್ಷಿಸುವುದಾದರೆ, ಮಾರುವವನಿಗೆ ತಿಳಿಯದ ಗುಣವನ್ನು ಹೇಳದೆ ಕೊಂಡವನನ್ನೂ ಶಿಕ್ಷಿಸಬೇಕಾದೀತೆಂದು ನ್ಯಾಯಾಧೀಶರು ತರ್ಕಿಸಿದರು. ತರ್ಕ ಚತುರವಾದದ್ದು. ಆದರೆ ಮನೆಯೊಳಗೆ ಬಹುಕಾಲ ಬಾಳಿದವನಿಗೂ ಭಾನುವಾರ ಇಪ್ಪತ್ತು ನಿಮಿಷ ಅಡ್ಡಾಡಿ ಹೋದವನಿಗೂ ಇರುವ ತಿಳಿವಳಿಕೆ ಸಮವೆಂದು ಅದು ಎಣಿಸುತ್ತದೆ.

ಪಕ್ಕದ ನ್ಯೂಯಾರ್ಕ್ ರಾಜ್ಯದಲ್ಲಿ 1991ರಲ್ಲಿ ನಡೆದ ಮೊಕದ್ದಮೆ ಇದಕ್ಕಿಂತ ಸ್ವಾರಸ್ಯದ್ದು. ನಯಾಕ್ ಎಂಬ ಊರಿನ ಒಂದು ಮನೆಯಲ್ಲಿ ದೆವ್ವಗಳಿವೆಯೆಂದು ಒಡತಿಯೇ ಪತ್ರಿಕೆಗಳಲ್ಲಿ ಸಾರಿಕೊಂಡಿದ್ದಳು. ಪರವೂರಿನವನೊಬ್ಬ ಇದನ್ನರಿಯದೆ ಆರೂವರೆ ಲಕ್ಷ ಡಾಲರಿಗೆ ಕರಾರು ಮಾಡಿಕೊಂಡು 32,500 ಡಾಲರು ಮುಂಗಡ ಕೊಟ್ಟ. ಸುದ್ದಿ ತಿಳಿದು ಹಿಂಜರಿದ. ದೆವ್ವವಿದೆಯೆಂದು ಊರಿಗೆಲ್ಲ ಹೇಳಿದವಳು ಈಗ ಇಲ್ಲವೆನ್ನುವಂತಿಲ್ಲ, ಆದ್ದರಿಂದ ಕಾಯಿದೆಯ ದೃಷ್ಟಿಯಲ್ಲಿ ಆ ಮನೆಯಲ್ಲಿ ದೆವ್ವವಿದೆ ಎಂದು ಮೇಲ್ಮನವಿಯ ನ್ಯಾಯಾಲಯ ತೀರ್ಮಾನಿಸಿತು! ಎಷ್ಟೇ ಜಾಗರೂಕನಾದ ಪರೀಕ್ಷಕನಿಗೂ ಇದು ಗೋಚರವಾಗದಾದ್ದರಿಂದ ಕೊಳ್ಳುವವನು ಕರಾರಿನಿಂದ ಬಿಡುಗಡೆ ಕೇಳಬಹುದೆಂದಿತು. ಗೆದ್ದಲಿಗೆ ಸಿಗದ ನ್ಯಾಯ ದೆವ್ವಕ್ಕೆ ಸಿಕ್ಕಿತೆಂದು ತಮಾಷೆ ಮಾಡಬಹುದು. ಆದರೆ ಆ ತೀರ್ಪಿನಲ್ಲಿ ಒಂದು ಗಟ್ಟಿ ಮಾತಿದೆ: ಕೊಳ್ಳುವವನ ಎಚ್ಚರವೆಂಬುದು ನೋಡಿ ತಿಳಿಯಬಹುದಾದ ವಿಷಯಕ್ಕೆ ಮಾತ್ರ ಅನ್ವಯಿಸುತ್ತದೆ. ಎಚ್ಚರವಾಗಿರು ಎಂದು ಕಾಯಿದೆ ಹೇಳಬೇಕಾದರೆ ನೋಡಲು ಅವಕಾಶವಿದೆಯೆಂಬ ಆಧಾರ ಅದರ ಹಿಂದಿರಬೇಕು.

ನನ್ನ ವಾದದ ತಿರುಳೂ ಇದೇ. ಕ್ಯಾಲಿಫೋರ್ನಿಯಾ ಮೊದಲಾದ ಅನೇಕ ರಾಜ್ಯಗಳಲ್ಲಿ ಮಾರುವವನು ತನಗೆ ತಿಳಿದ ದೋಷಗಳನ್ನು ಬರೆದುಕೊಡಬೇಕು. ಮ್ಯಾಸಚೂಸೆಟ್ಸಿನಲ್ಲಿ, ಸೀಸದ ಬಣ್ಣ, ಶೌಚದ ಗುಂಡಿ ಮೊದಲಾದ ಒಂದೆರಡು ವಿಷಯಗಳನ್ನು ಬಿಟ್ಟರೆ, ಮನೆಯ ಯಜಮಾನ ತಾನಾಗಿ ಏನನ್ನೂ ಹೇಳಬೇಕಾಗಿಲ್ಲ. ಕೇಳಿದಾಗ ಸುಳ್ಳು ಹೇಳಬಾರದು, ಅಷ್ಟೆ. ಮಾರುವವನಿಗೆ ಸುಮ್ಮನಿರುವ ಹಕ್ಕು, ಕೊಳ್ಳುವವನಿಗೆ ನೋಡುವ ಹಕ್ಕು, ಇವೆರಡೂ ಒಂದೇ ತಕ್ಕಡಿಯ ಎರಡು ತಟ್ಟೆಗಳಾಗಿದ್ದವು. ಪೈಪೋಟಿಯ ಕಾಲದಲ್ಲಿ ಒಂದು ತಟ್ಟೆಯನ್ನು ಬಿಚ್ಚಿಕೊಂಡು ಹೋದರು. ಇನ್ನೊಂದು ಇದ್ದಲ್ಲೇ ಉಳಿಯಿತು. ಸೀಸದ ಬಣ್ಣದ ವಿಷಯದಲ್ಲೂ ಹೀಗೆಯೇ. 1978ಕ್ಕೆ ಮೊದಲು ಕಟ್ಟಿದ ಮನೆಗಳಲ್ಲಿ ಇರಬಹುದಾದ ಆ ಬಣ್ಣ ಎಳೆಯ ಮಕ್ಕಳ ಮೆದುಳಿಗೆ ಮಾರಕ. 1992ರ ಅಮೆರಿಕದ ಕಾಯಿದೆಯೊಂದು ಅದನ್ನು ಪರೀಕ್ಷಿಸಿಕೊಳ್ಳಲು ಕೊಳ್ಳುವವರಿಗೆ ಹತ್ತು ದಿನಗಳ ಅವಕಾಶ ಕೊಟ್ಟಿದೆ. ಆ ಹತ್ತು ದಿನಗಳನ್ನೂ ಒಂದು ಸಹಿಯಿಂದ ಬಿಟ್ಟುಕೊಡಬಹುದು. ಬಿಟ್ಟುಕೊಡುವವರು ದೊಡ್ಡವರು, ಗೋಡೆಯ ಹೊಪ್ಪಳೆಯನ್ನು ಬಾಯಿಗೆ ಹಾಕಿಕೊಳ್ಳುವ ಕೂಸಿನ ಸಹಿ ಯಾರೂ ಕೇಳುವುದಿಲ್ಲ.

ಪರೀಕ್ಷೆಯಿಂದ ಎಲ್ಲವೂ ತಿಳಿಯುತ್ತದೆಂದು ನಾನು ಹೇಳುತ್ತಿಲ್ಲ. ನೆರೆಯ ಕನೆಕ್ಟಿಕಟ್ ರಾಜ್ಯದ ಈಶಾನ್ಯ ಭಾಗದಲ್ಲಿ 1980ರ ದಶಕದಿಂದ ಕಟ್ಟಿದ ಸಾವಿರಾರು ಮನೆಗಳ ತಳಪಾಯದ ಕಾಂಕ್ರೀಟಿನಲ್ಲಿ ಪಿರೋಟೈಟ್ ಎಂಬ, ಕಬ್ಬಿಣ ಗಂಧಕಗಳು ಕೂಡಿದ ಖನಿಜ ಸೇರಿಕೊಂಡಿತ್ತು. ನೀರು ಗಾಳಿ ತಗಲಿದಂತೆ ಅದು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಆದರೆ ಬಿರುಕು ಹೊರಗೆ ಕಾಣಲು ಹದಿನೈದು ಇಪ್ಪತ್ತು ವರ್ಷ ಬೇಕು. ಇದಕ್ಕಿರುವ ಚಿಕಿತ್ಸೆ ಒಂದೇ: ಇಡೀ ಮನೆಯನ್ನು ಮೇಲಕ್ಕೆತ್ತಿ ನಿಲ್ಲಿಸಿ ಹೊಸ ತಳಪಾಯ ಹಾಕುವುದು. ಒಂದೂವರೆ ಲಕ್ಷ ಡಾಲರು ದಾಟುವ ಈ ವೆಚ್ಚದ ಭಾರ ಹೊರಲು ರಾಜ್ಯವೇ ಒಂದು ನಿಧಿಯನ್ನು ಏರ್ಪಡಿಸಬೇಕಾಯಿತು. ಮೊದಮೊದಲು ಕೊಂಡವರಿಗೆ ಯಾವ ಪರೀಕ್ಷಕನೂ ಇದನ್ನು ಹೇಳಲಾರದೆ ಹೋದ. ಆದರೆ ಈಗ ಆ ಸೀಮೆಯಲ್ಲಿ ಬಲ್ಲ ಪರೀಕ್ಷಕ ನಕಾಶೆಯ ಗೆರೆಗಳಂತೆ ಹಬ್ಬಿದ ಬಿರುಕನ್ನು ಕಂಡೊಡನೆ ಕಾಂಕ್ರೀಟಿನ ತುಣುಕನ್ನು ತೆಗೆದು ಪ್ರಯೋಗಾಲಯಕ್ಕೆ ಕಳಿಸಿ ಎನ್ನುತ್ತಾನೆ. ವೈದ್ಯನಿಗೆ ಎಲ್ಲ ರೋಗವೂ ತಿಳಿಯದೆಂದು ನಾಡಿ ತೋರಿಸುವುದನ್ನು ಬಿಡುವವರಿಲ್ಲವಷ್ಟೆ.

ನಮ್ಮ ನಾಡಿನ ಕಡೆಗೂ ಒಂದು ಮಾತು. ಮನೆ ಕೊಳ್ಳುವಾಗ ನಾವು ನೋಡುವುದಿಲ್ಲವೆ? ನೋಡುತ್ತೇವೆ, ಆದರೆ ಕಾಗದಗಳನ್ನು. ಮೂಲಪತ್ರ, ಖಾತೆ, ಕಂದಾಯದ ರಸೀದಿ, ಜನ ಇ.ಸಿ. ಎಂದು ಕರೆಯುವ ಋಣಭಾರ ಪ್ರಮಾಣಪತ್ರ, ಇವೆಲ್ಲ ವಕೀಲರ ಕಣ್ಣಿನಲ್ಲಿ ಎರಡೆರಡು ಸಲ ಹಾಯಬೇಕು. ಅನಂತರ ವಾಸ್ತು. ಗೋಡೆಯನ್ನು ನೋಡುವ ಸರದಿ ಬಂದಾಗ ಅದರ ಮೇಲೆ ಹೊಸ ಬಣ್ಣವಿರುತ್ತದೆ. ಪರಿಚಯದ ಮೇಸ್ತ್ರಿಯೊಬ್ಬ ಸಿಕ್ಕಿದರೆ ಜೊತೆಗೆ ಕರೆದುಕೊಂಡು ಹೋಗಿ ‘ಹೇಗಿದೆ ನೋಡಪ್ಪಾ’ ಎನ್ನುವುದೇ ನಮ್ಮ ಗೃಹಪರೀಕ್ಷೆ. ಹಕ್ಕಿನ ದೋಷಕ್ಕೆ ನಾವು ಹೆದರಿದಷ್ಟು ಕಟ್ಟಡದ ದೋಷಕ್ಕೆ ಹೆದರುವುದಿಲ್ಲ. ನಮ್ಮ ನ್ಯಾಯಾಲಯಗಳಲ್ಲಿ ಸ್ವತ್ತಿನ ವ್ಯಾಜ್ಯ ತೀರಲು ಹಿಡಿಯುವ ಕಾಲವನ್ನು ನೆನೆದರೆ ಅದು ತಪ್ಪೂ ಅಲ್ಲ.

ಆದರೂ ನಮ್ಮ ಕಾಯಿದೆ ಮ್ಯಾಸಚೂಸೆಟ್ಸಿಗಿಂತ ದಯೆಯುಳ್ಳದ್ದು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣದಂತೆ, ಮಾರುವವನಿಗೆ ತಿಳಿದಿದ್ದು ಕೊಳ್ಳುವವನಿಗೆ ತಿಳಿಯದ, ಸಾಧಾರಣ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು. ತಿಳಿಸದಿದ್ದರೆ ಅದು ವಂಚನೆ. ನ್ಯೂಟನ್ನಿನ ಗೆದ್ದಲಿನ ಮನೆ ಮೈಸೂರಿನಲ್ಲಿದ್ದಿದ್ದರೆ ಕೊಂಡವನಿಗೆ ವಾದಿಸಲು ಒಂದು ನೆಲೆಯಾದರೂ ಇರುತ್ತಿತ್ತು. 2016ರ ರೇರಾ ಕಾಯಿದೆ, ಹೊಸದಾಗಿ ಕಟ್ಟಿ ಮಾರುವವರ ಮಟ್ಟಿಗೆ, ಸ್ವಾಧೀನ ಕೊಟ್ಟ ಐದು ವರ್ಷಗಳೊಳಗೆ ತಿಳಿಸಿದ ಕಟ್ಟಡದ ದೋಷವನ್ನು ಮೂವತ್ತು ದಿನಗಳಲ್ಲಿ ಪುಕ್ಕಟೆಯಾಗಿ ಸರಿಪಡಿಸಬೇಕೆಂದು ವಿಧಿಸಿದೆ. ಹಳೆಯ ಮನೆಗೆ ಆ ಆಸರೆಯಿಲ್ಲ. 55ನೆಯ ಪ್ರಕರಣವೋ ‘ಇದಕ್ಕೆ ವಿರುದ್ಧವಾದ ಕರಾರಿಲ್ಲದಿದ್ದಲ್ಲಿ’ ಎಂದೇ ಆರಂಭವಾಗುತ್ತದೆ. ಆ ಬಾಗಿಲಿನಿಂದ ‘ಇದ್ದಲ್ಲಿ ಇದ್ದ ಹಾಗೆ’ ಎಂಬ ಒಕ್ಕಣೆ ಒಳನುಗ್ಗಬಹುದು. ಸಾಲ ತೀರಿಸದವರ ಮನೆಗಳನ್ನು ಬ್ಯಾಂಕುಗಳು ಹರಾಜು ಹಾಕುವ ಪ್ರಕಟಣೆಗಳಲ್ಲಿ ಈ ಒಕ್ಕಣೆಯನ್ನು ಪತ್ರಿಕೆ ಓದುವವರೆಲ್ಲ ಕಂಡಿರುತ್ತಾರೆ.

ಮ್ಯಾಸಚೂಸೆಟ್ಸಿನಲ್ಲಿ ಕೊನೆಗೂ ಸರಕಾರ ಕೈಹಾಕಿತು. ರಾಜ್ಯಪಾಲೆ ಮೌರಾ ಹೀಲಿಯವರು 2024ರ ಆಗಸ್ಟ್ 6ರಂದು ಸಹಿ ಹಾಕಿದ ವಸತಿ ಕಾಯಿದೆಯಲ್ಲಿ ಇದಕ್ಕೊಂದು ಏರ್ಪಾಡಿದೆ. ಅದರ ನಿಯಮಗಳು 2025ರ ಅಕ್ಟೋಬರ್ 15ರಿಂದ ಜಾರಿಗೆ ಬಂದವು. ಪರೀಕ್ಷೆಯನ್ನು ಬಿಟ್ಟುಕೊಟ್ಟರೆ ಮಾತ್ರ ಮಾರುತ್ತೇನೆಂದು ಮಾರುವವನಾಗಲಿ ಅವನ ದಲ್ಲಾಳಿಯಾಗಲಿ ಹೇಳುವಂತಿಲ್ಲ. ‘ನಾನು ಪರೀಕ್ಷೆ ಮಾಡಿಸುವುದಿಲ್ಲ’ ಎಂದು ಮುಂಗಡವಾಗಿ ತಿಳಿಸಿದವನ ಕೋರಿಕೆಯನ್ನು ಒಪ್ಪುವಂತೆಯೂ ಇಲ್ಲ. ಹರಾಜಿಗೆ, ಹತ್ತಿರದ ಬಂಧುಗಳೊಳಗಿನ ಮಾರಾಟಕ್ಕೆ ವಿನಾಯಿತಿಯುಂಟು. ಪರೀಕ್ಷೆ ಮಾಡಿಸಲೇಬೇಕೆಂಬ ಕಟ್ಟಲೆಯೇನೂ ಇಲ್ಲ; ವ್ಯಾಪಾರ ಒಪ್ಪಿತವಾದ ಮೇಲೆ ಬೇಡವೆನಿಸಿದರೆ ಕೊಳ್ಳುವವನು ಬಿಡಬಹುದು. ಈ ಭೇದ ನನಗೆ ಬಹಳ ಮೆಚ್ಚುಗೆಯಾಯಿತು. ಹಕ್ಕನ್ನು ಬಿಡುವ ಸ್ವಾತಂತ್ರ್ಯ ಉಳಿಯಿತು. ಅದನ್ನು ಬೆಲೆಯ ಜೊತೆ ಮೇಜಿನ ಮೇಲಿಟ್ಟು ಮಾರುವ ಪೈಪೋಟಿ ಹೋಯಿತು. ಇದು ಮಾರುವವರ ಸ್ವಾತಂತ್ರ್ಯಕ್ಕೆ ಅಡ್ಡಿಯೆಂದು ಗೊಣಗುವವರಿದ್ದಾರೆ. ಹತ್ತು ದಿನ ಮನೆಯ ಬಾಗಿಲು ತೆರೆದಿಡಬೇಕಾಗುತ್ತದೆ, ಕೊಳ್ಳುವವನು ಸಣ್ಣ ಬಿರುಕನ್ನು ದೊಡ್ಡದು ಮಾಡಿ ಬೆಲೆ ಜಗ್ಗುತ್ತಾನೆ ಎಂದು ಅವರ ಅಳಲು. ಮನೆ ಮಾರಿ ವೃದ್ಧಾಶ್ರಮಕ್ಕೋ ಮಕ್ಕಳ ಊರಿಗೋ ಹೋಗಬೇಕಾದ ಮುದುಕರಿಗೆ ಕರಾರು ನಡುವೆ ಮುರಿದರೆ ಕಷ್ಟವೇ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಂಥವರು ಮಾರುವ ಮೊದಲೇ ತಾವೇ ಪರೀಕ್ಷೆ ಮಾಡಿಸಿ ವರದಿಯನ್ನು ಬಂದವರ ಮುಂದಿಡಬಹುದಲ್ಲ! ಗಟ್ಟಿ ಮನೆಯ ಯಜಮಾನ ಕೈದೀಪಕ್ಕೆ ಏಕೆ ಅಂಜಬೇಕು?

ಕಾಯಿದೆಯ ಪಕ್ಕದ ಓಣಿಗಳನ್ನು ದಲ್ಲಾಳಿಗಳು ಹುಡುಕದೆ ಇರರು. ಬರವಣಿಗೆಯಲ್ಲಿ ಬಾರದ್ದು ಕಣ್ಸನ್ನೆಯಲ್ಲಿ ದಾಟಬಹುದು. ಪರೀಕ್ಷೆಗೆ ಕೊಡುವ ದಿನಗಳು ಕಿರಿದಾಗುತ್ತ ಬರಬಹುದು. ನಿಯಮ ಜಾರಿಗೆ ಬಂದು ಬಹುಕಾಲವಾಗಿಲ್ಲ. ಅದರ ಸತ್ವ ಗೊತ್ತಾಗುವುದು ಮತ್ತೊಮ್ಮೆ ಬಡ್ಡಿ ಇಳಿದು, ಒಂದು ಮನೆಗೆ ಹದಿನೈದು ಜನ ಬಂದು ನಿಂತಾಗ.

ನಮ್ಮಲ್ಲಿ ಇದಕ್ಕಾಗಿ ಹೊಸ ಕಾಯಿದೆ ಬರುವವರೆಗೆ ಕಾಯಬೇಕಾಗಿಲ್ಲ. ಹಳೆಯ ಮನೆಯ ಕ್ರಯದ ಕರಾರುಪತ್ರದಲ್ಲಿ ಮುಂಗಡದ ಮೊತ್ತ, ನೋಂದಣಿಯ ಗಡುವು, ತಪ್ಪಿದರೆ ದಂಡ, ಇವನ್ನೆಲ್ಲ ನಮ್ಮ ಪತ್ರ ಬರಹಗಾರರು ಎಳೆ ಎಳೆಯಾಗಿ ಬರೆಯುತ್ತಾರೆ. ಅದರ ಜೊತೆಗೆ ಇನ್ನೊಂದು ವಾಕ್ಯವನ್ನು ಬರೆಯಲಿ: ಮುಂಗಡ ಕೊಟ್ಟ ಹದಿನೈದು ದಿನಗಳೊಳಗೆ ಖರೀದಿದಾರರು ತಮ್ಮ ಎಂಜಿನಿಯರನ್ನು ಕರೆತಂದು ತಳಪಾಯ, ಮಾಡು, ನೀರು, ವಿದ್ಯುತ್ತುಗಳನ್ನು ತೋರಿಸತಕ್ಕದ್ದೆಂದೂ, ಮುಖ್ಯವಾದ ದೋಷ ಕಂಡುಬಂದಲ್ಲಿ ಮುಂಗಡವನ್ನು ಪೂರ್ತಿಯಾಗಿ ಹಿಂದಿರುಗಿಸತಕ್ಕದ್ದೆಂದೂ. ಬೆಂಗಳೂರಿನಲ್ಲಿ ಹಳೆಯ ಮನೆ ಕೊಳ್ಳಲಿರುವ ನನ್ನ ಸಹೋದ್ಯೋಗಿಯೊಬ್ಬರಿಗೆ ಈಚೆಗೆ ಇದನ್ನು ಬರೆದುಕೊಟ್ಟಿದ್ದೇನೆ. ಮಾರುವವರು ಒಂದು ವಾರ ಯೋಚಿಸಿ ಹೇಳುತ್ತೇವೆಂದಿದ್ದಾರಂತೆ.